ಹಳೇ ಕಂಪ್ಯೂಟರಿನೊಳಗಿನ ಹಂದರ

ಅಣ್ಣಿಗೇರಿ
8 ಜನವರಿ 2025

ಶೈಲಶ್ರೀ ಅಕ್ಕಾ ಅವರಿಗೆ ನಮಸ್ಕಾರ.

ನನ್ನ ಹೆಸರು ಭಾಗ್ಯಾ. ನಿಮಗೆ ನನ್ನ ನೆನಪಿರಲಿಕ್ಕಿಲ್ಲ. 2011ರ ಬೇಸಿಗೆಯಲ್ಲಿ ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ನನ್ನ ಮದುವೆಯಾಯಿತು. ಫೋಟೋ ತೆಗೆಯಲು ಗುಡಗೇರಿಯಿಂದ ನಿಮ್ಮ ತಂದೆ ಕುಬೇರಪ್ಪನವರು ಬಂದಿದ್ದರು. ಅವರ ಜೊತೆ ನೀವೂ ಬಂದಿದ್ದಿರಿ. ಬಿಳಿ ಕೊಡೆ ಕಟ್ಟಿದ ಲೈಟು ಹಿಡಿದು ಇಡೀ ದಿನ ನಿಂತಿದ್ದಿರಿ. ಹೆಣ್ಣುಮಗಳು ಲೈಟು ಹಿಡಿದಿದ್ದಾಳೆಂದು ನಮ್ಮ ಓಣಿಯ ಹೆಂಗಸರು ನನಗಿಂತ ನಿಮ್ಮನ್ನೇ ಹೆಚ್ಚು ನೋಡಿದ್ದರು.

ಅಂದು ನನಗೆ ತಾಳಿ ಕಟ್ಟಿದ ಪುಂಡಲೀಕ ಈಗ ನಾನು ಹಾಕಿದ ಕೇಸಿಗೆ ಕೋರ್ಟಿನಲ್ಲಿ ನಿಂತು, "ಈಕಿ ನನ್ನ ಹೆಂಡತಿ ಅಲ್ರಿ. ನಮ್ಮ ಮನಿಗೆ ಕೆಲಸಕ್ಕ ಬಂದಾಕಿ, ಬಿಟ್ಟು ಹೋದ್ಲು" ಎಂದು ಹೇಳಿದ್ದಾನೆ. ಹದಿಮೂರು ವರ್ಷ ಅವನ ಹೊಲದಲ್ಲಿ ಕಳೆ ತೆಗೆದಿದ್ದೇನೆ. ಅವನ ತಾಯಿಯ ಕೊನೆಗಾಲದಲ್ಲಿ ಹಾಸಿಗೆ ಒಗೆದಿದ್ದೇನೆ. ಮಕ್ಕಳಾಗಲಿಲ್ಲವೆಂದು ಹೋದ ವರ್ಷ ಬೇರೆಯವಳನ್ನು ಕರೆತಂದು ನನ್ನನ್ನು ಹೊರಗೆ ಹಾಕಿದ. ನನಗಿಂತ ಮೊದಲು ನಮ್ಮ ಮದುವೆಯ ಆಲ್ಬಮ್ ನೀರೊಲೆಗೆ ಹೋಗಿತ್ತು. ಮದುವೆ ಮಾಡಿಸಿದ ಸ್ವಾಮಿಗಳು ತೀರಿಕೊಂಡಿದ್ದಾರೆ. ಉಂಡು ಹೋದ ನೆಂಟರಿಗೆ ಈಗ ಏನೂ ನೆನಪಿಲ್ಲವಂತೆ.

ನಿಮ್ಮ ತಂದೆಯವರ ಕಂಪ್ಯೂಟರಿನಲ್ಲಿ ಆ ಫೋಟೋಗಳು ಉಳಿದಿವೆಯೇ? ಉಳಿದಿದ್ದರೆ ನನಗೆ ಬೇಕು.

ಫೋನ್ ಮಾಡಬೇಡಿರಿ. ಮನೆಯ ಫೋನ್ ನನ್ನ ಅಣ್ಣ ಹೊಳೆಯಪ್ಪನ ಹತ್ತಿರ ಇರುತ್ತದೆ. ನಾನು ಅಂಗನವಾಡಿಯಲ್ಲಿ ಅಡಿಗೆ ಸಹಾಯಕ್ಕಿದ್ದೇನೆ. ಅಲ್ಲಿಯ ವಿಳಾಸಕ್ಕೆ ಪತ್ರ ಹಾಕಿದರೆ ನನ್ನ ಕೈಗೇ ಬರುತ್ತದೆ.

ನಿಮ್ಮ
ಭಾಗ್ಯಾ

•

ಗುಡಗೇರಿ
17 ಜನವರಿ 2025

ಭಾಗ್ಯಾ ಅವರಿಗೆ ಶೈಲಶ್ರೀ ಮಾಡುವ ಶರಣು.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಸ್ಟೇಷನ್ ರಸ್ತೆಯ ಸ್ಟುಡಿಯೋ ಈಗಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಾನೇ ಪಾಸ್‌ಪೋರ್ಟ್ ಅಳತೆಯ ಫೋಟೋ, ಜೆರಾಕ್ಸ್, ಲಗ್ನಪತ್ರಿಕೆ ಮಾಡಿಕೊಂಡು ಹೊರಟಿದ್ದೇನೆ.

ನಿಮ್ಮ ಮದುವೆ ನೆನಪಿದೆ. ಬಿಸಿಲು ಬಹಳವಿತ್ತು. ಯಾರೋ ಹಿರಿಯ ಹೆಂಗಸು ನನ್ನ ಕೈಯಿಂದ ಲೈಟು ಕಸಿದು ಕಂಬಕ್ಕೆ ಕಟ್ಟಿ, "ಮೊದಲ ಊಟಾ ಮಾಡವಾ" ಎಂದು ಪಂಕ್ತಿಯಲ್ಲಿ ಕೂಡಿಸಿದ್ದರು.

ಅಪ್ಪನ ಹಳೆಯ ಕಂಪ್ಯೂಟರ್ ಇದೆ. ಒಂದು ಫೋಟೋವನ್ನೂ ಆತ ಅಳಿಸುತ್ತಿರಲಿಲ್ಲ. "ಇವತ್ತ ಬ್ಯಾಡಾದದ್ದು ನಾಳೆ ಬೇಕಾಗ್ತೈತಿ" ಅನ್ನುತ್ತಿದ್ದ. ಆದರೆ ಹೋದ ಮಳೆಗಾಲ ಸಿಡಿಲು ಬಡಿದು ಅದರ ಪೆನ್‌ಡ್ರೈವ್ ಚುಚ್ಚುವ ತೂತುಗಳೆಲ್ಲ ಸುಟ್ಟಿವೆ. ಸಿಡಿ ಬರೆಯುವ ತಟ್ಟೆ ಹೊರಗೆ ಬರುವುದಿಲ್ಲ. ಹುಬ್ಬಳ್ಳಿಯ ರಿಪೇರಿಯವನು ಒಳಗಿನ ಡಿಸ್ಕ್ ಬಿಚ್ಚಿಕೊಂಡು ಬಾ ಅಂದ. ಡಿಸ್ಕಿಗೆ ವಯಸ್ಸಾಗಿದೆ, ತಿರುಗುವಾಗ ಕಟಕಟ ಅನ್ನುತ್ತದೆ. ಅದನ್ನು ಬಿಚ್ಚಿ ಬಸ್ಸಿನಲ್ಲಿ ಒಯ್ಯಲು ನನಗೆ ಧೈರ್ಯವಿಲ್ಲ. ಅದಕ್ಕೆ ಇನ್ನೊಂದು ದಾರಿ ಇದೆ. ನನ್ನ ಹೊಸ ಲ್ಯಾಪ್‌ಟಾಪನ್ನೂ ಹಳೆಯದನ್ನೂ ಮನೆಯ ಇಂಟರ್‌ನೆಟ್ ಡಬ್ಬಿಗೆ ವೈರಿನಿಂದ ಕೂಡಿಸಿದರೆ ಒಂದರೊಳಗಿನ ಫೈಲನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಸುಲಭದ ಕೆಲಸ. ಮುಂದಿನ ವಾರ ಮಾಡಿಬಿಡುತ್ತೇನೆ.

ಶೈಲಶ್ರೀ

•

ಅಣ್ಣಿಗೇರಿ
29 ಜನವರಿ 2025

ಅಕ್ಕಾ,

ನಿಮ್ಮ ಪತ್ರ ಓದಿ ಅಂಗನವಾಡಿಯ ಮಕ್ಕಳಿಗೆಲ್ಲ ಒಂದೊಂದು ಸವಟು ಪಾಯಸ ಹೆಚ್ಚಿಗೆ ಹಾಕಿದೆ.

ನನ್ನ ವಕೀಲೆ ಶಗುಫ್ತಾ ಅವರಿಗೆ ವಿಷಯ ಹೇಳಿದೆ. ಬರೀ ಫೋಟೋ ಸಾಲುವುದಿಲ್ಲವಂತೆ. ಇವು ಇಂಥ ಕಂಪ್ಯೂಟರಿನಿಂದ ತೆಗೆದವು, ಇವುಗಳಲ್ಲಿ ತಿದ್ದುಪಡಿ ಇಲ್ಲ ಎಂದು ಆ ಕಂಪ್ಯೂಟರ್ ಇಟ್ಟುಕೊಂಡವರು ಪ್ರಮಾಣಪತ್ರಕ್ಕೆ ಸಹಿ ಮಾಡಬೇಕಂತೆ. ಅಂದರೆ ನೀವು. ಆಗುವುದೇ?

ಪುಂಡಲೀಕನ ಕಾಕಾ ಊರ ತುಂಬ ಹೇಳುತ್ತ ತಿರುಗುತ್ತಿದ್ದಾನೆ: "ಆಳಿನಾಕಿಗೆ ಒಂದ ಸೀರಿ ಕೊಡಿಸಿದ್ರ ಆಕಿ ಸೊಸಿ ಆಕ್ಕಾಳೇನು?" ಅವನೇ ನನ್ನ ಮದುವೆಯಲ್ಲಿ ಮುಂದೆ ನಿಂತು ನೆಂಟರನ್ನು ಕರೆದವನು.

ನಮ್ಮ ಮನೆಯಲ್ಲಿ ಎಲ್ಲ ಆರಾಮ. ಅಣ್ಣ ನನ್ನ ಬೆನ್ನಿಗಿದ್ದಾನೆ. ನೀವು ಕಾಳಜಿ ಮಾಡಬೇಡಿರಿ.

ಭಾಗ್ಯಾ

•

ಗುಡಗೇರಿ
10 ಫೆಬ್ರುವರಿ 2025

ಭಾಗ್ಯಾ ಅವರಿಗೆ,

ಸುಲಭ ಎಂದು ಬರೆದದ್ದು ತಪ್ಪಾಯಿತು. ಕಂಪ್ಯೂಟರುಗಳು ಒಂದನ್ನೊಂದು ನೋಡುತ್ತಿಲ್ಲ.

ಹಳೆಯದರಲ್ಲಿ ಫೋಟೋಗಳ ಫೋಲ್ಡರ್ ಹಂಚಿಕೊಳ್ಳಲು ಗುರುತು ಹಾಕಿದೆ. ಫೋಲ್ಡರಿನ ಕೆಳಗೆ ಅಂಗೈಯೊಂದು ಅದನ್ನು ಎತ್ತಿ ಹಿಡಿದ ಚಿತ್ರ ಮೂಡಿತು. ಅಂದರೆ ಅದು ಕೊಡಲು ತಯಾರಿದೆ. ಹೊಸದರಲ್ಲಿ ನೋಡಿದರೆ ತನ್ನ ಹೆಸರೊಂದನ್ನೇ ತೋರಿಸುತ್ತದೆ. ಎರಡೂ ಒಂದೇ ಗುಂಪಿನ ಹೆಸರಿನಲ್ಲಿರಬೇಕು ಎಂದು ಎಲ್ಲೋ ಓದಿದೆ. ಅಪ್ಪ ಹಳೆಯದರ ಗುಂಪಿಗೆ ತನ್ನ ಹೆಸರನ್ನೇ ಕೊಟ್ಟಿದ್ದ, ಅದನ್ನು ಬದಲಿಸಿದೆ. ಆಗಲಿಲ್ಲ. ವೈರು ಬದಲಿಸಿದೆ. ಫೈರ್‌ವಾಲ್ ಎಂಬ ಕಾವಲಿನ ಗೋಡೆ ಇಳಿಸಿದೆ. ಈಗ ಹೊಸದು ಕೂಗಿದರೆ ಹಳೆಯದು ಓಗೊಡುತ್ತದೆ, ಆದರೆ ಬಾಗಿಲು ತೆರೆಯುವುದಿಲ್ಲ.

ಮನೆಯಲ್ಲಿಯೂ ಕೆಲಸ ಬಹಳ. ದಿನವೂ ಕೂಡ್ರಲು ಆಗುತ್ತಿಲ್ಲ. ಸ್ವಲ್ಪ ತಡೆಯಿರಿ.

ಶೈಲಶ್ರೀ

•

ಅಣ್ಣಿಗೇರಿ
20 ಫೆಬ್ರುವರಿ 2025

ಶೈಲಶ್ರೀ ಅವರಿಗೆ,

ಒಂದೇ ಮನೆಯ ಒಂದೇ ಮೇಜಿನ ಮೇಲಿನ ಎರಡು ಯಂತ್ರಗಳು ಒಂದನ್ನೊಂದು ನೋಡುವುದಿಲ್ಲ ಅಂದರೆ ಯಾರು ನಂಬಬೇಕು? ನಾನು ಹತ್ತನೆಯ ತರಗತಿಯವರೆಗೆ ಓದಿದವಳು, ಆದರೆ ಅಷ್ಟು ಹುಚ್ಚಿಯಲ್ಲ.

ನಿಮ್ಮ ಅಣ್ಣ ಕಾಶಿನಾಥ ಅವರ ಜೀಪು ಪುಂಡಲೀಕನ ಕಾಕಾನ ಮನೆ ಮುಂದೆ ನಿಂತಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿದದ್ದನ್ನು ನೋಡಿದವರಿದ್ದಾರೆ. ಆಮೇಲೆ ನಿಮ್ಮ ಪತ್ರ ಬಂತು, ಬಾಗಿಲು ತೆರೆಯುವುದಿಲ್ಲ ಎಂದು. ಕೊಡುವ ಮನಸ್ಸಿಲ್ಲದಿದ್ದರೆ ಇಲ್ಲ ಅನ್ನಬೇಕಿತ್ತು. ಎದುರಿಗೇ ನಿಂತು ಸುಳ್ಳು ಹೇಳುವವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಯಂತ್ರವನ್ನು ಮುಂದೆ ನಿಲ್ಲಿಸಿ ಹೇಳುವವರನ್ನು ಈಗಲೇ ಕಂಡದ್ದು.

ಫೋಟೋ ಇಲ್ಲದಿದ್ದರೂ ನಾನು ಕೋರ್ಟಿನ ಕಟ್ಟೆ ಇಳಿಯುವವಳಲ್ಲ. ಇದನ್ನು ನಿಮ್ಮ ಅಣ್ಣನಿಗೂ ಓದಿ ಹೇಳಿರಿ.

ಭಾಗ್ಯಾ

•

ಗುಡಗೇರಿ
3 ಮಾರ್ಚ್ 2025

ಭಾಗ್ಯಾ,

ನಿಮ್ಮ ಪತ್ರ ಓದಿ ಹರಿದು ಒಗೆದೆ. ಆಮೇಲೆ ಬುಟ್ಟಿಯಿಂದ ಆರಿಸಿಕೊಂಡು ಮತ್ತೆ ಓದಿದೆ. ಈಗ ಉತ್ತರ ಕೇಳಿರಿ.

ಅಣ್ಣ ಆ ಕಟ್ಟೆಯ ಮೇಲೆ ಚಹಾ ಕುಡಿದದ್ದು ಖರೆ. ಪುಂಡಲೀಕನ ಮನೆತನದ ಕಡಲೆ, ಮೆಣಸಿನಕಾಯಿ ಎಲ್ಲ ಬರುವುದು ನಮ್ಮ ಅಣ್ಣನ ದಲಾಲಿ ಅಂಗಡಿಗೇ. ನಿಮ್ಮ ಮೊದಲ ಪತ್ರ ಬಂದಾಗಿನಿಂದ ಆತ ನನಗೆ ಗಂಟುಬಿದ್ದಿದ್ದಾನೆ. ಇದನ್ನು ನಿಮಗೆ ಬರೆಯಲಿಲ್ಲ. ಬರೆದರೆ ನೀವು ಆಸೆ ಬಿಡುತ್ತೀರಿ ಅಂದುಕೊಂಡೆ. ಸಂಶಯ ಪಡುತ್ತೀರೆಂದು ಹೊಳೆಯಲಿಲ್ಲ.

ಮೊನ್ನೆ ಫೋಟೋ ಕಾಗದ ತರಲು ಕುಂದಗೋಳಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಬಾಗಿಲಲ್ಲಿ ಗುಜರಿಯವನ ಟೆಂಪೋ ನಿಂತಿತ್ತು. ಅದರಲ್ಲಿ ಮುರುಕು ಕೂಲರ್, ತುಕ್ಕು ಹಿಡಿದ ಕಾಟು, ಅವುಗಳ ನಡುವೆ ಅಪ್ಪನ ಕಂಪ್ಯೂಟರ್.

"ಇಳಸು" ಅಂದೆ.

"ಹಳೇ ಡಬ್ಬಿ ಅದು. ಸುಮ್ನ ಜಾಗಾ ತಿಂತೈತಿ" ಅಂದ ಅಣ್ಣ.

"ಇಳಸು ಅಂದೆ."

"ಸುಗ್ಗಿ ಟೈಮಿನ್ಯಾಗ ಯಾರದೋ ಹೆಂಡತಿ ಸಲುವಾಗಿ ನಮ್ಮ ಗಿರಾಕಿ ಕಳಕೋಬೇಕೇನು?"

"ಯಾರದೋ ಹೆಂಡತಿ ಅಂತ ನೀನ ಒಪ್ಪಿದಿ ನೋಡು. ಅದನ್ನ ಕೋರ್ಟಿಗೆ ಬಂದು ಹೇಳು, ನಾ ಕಂಪ್ಯೂಟರ್ ಮುಟ್ಟೂದಿಲ್ಲ."

ನಾನು ಟೆಂಪೋ ಹತ್ತಿ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಟೆಂಪೋದ ಜಾಕೀರ್ ತಲೆ ಕೆರೆದುಕೊಂಡು, "ಅಕ್ಕಾರ, ಇಳೀರಿ. ನಾ ಹುಬ್ಬಳ್ಳಿಗೆ ಹೋಗಬೇಕು" ಅಂದ. "ಹೋಗೂಣು ನಡಿ, ನಾನೂ ಬರ್ತೀನಿ" ಅಂದೆ. ಓಣಿಯ ಮಂದಿ ಎಲ್ಲ ಹೊರಗೆ ಬಂದು ನಿಂತರು. ಕೊನೆಗೆ ಜಾಕೀರನೇ ಅದನ್ನು ಎತ್ತಿಕೊಂಡು ಒಳಗಿಟ್ಟು ಹೋದ. ಈಗ ಅದು ನಾನು ಮಲಗುವ ಕೋಣೆಯಲ್ಲಿದೆ. ಬೀಗದ ಕೈ ನನ್ನ ಕೊರಳಲ್ಲಿದೆ.

ಇನ್ನು ನಿಮ್ಮ ಬಾಗಿಲಿನ ವಿಷಯ. ಹಳೆಯ ಕಂಪ್ಯೂಟರ್ ಫೈಲು ಕೊಡುವಾಗ ಆಡುವ ಮಾತು ಹಳೆಯ ಕಾಲದ್ದು. ಅದನ್ನು ಬಳಸಿ ಕಳ್ಳರು ಒಳಗೆ ನುಗ್ಗುತ್ತಾರೆಂದು ಹೊಸ ವಿಂಡೋಸ್‌ನಲ್ಲಿ ಆ ಮಾತನ್ನೇ ಬಂದ್ ಮಾಡಿಟ್ಟಿರುತ್ತಾರೆ. ಎಸ್‌ಎಂಬಿ ಒಂದು ಎಂದು ಅದರ ಹೆಸರು. ನಾನು ಮೊದಲು ಹೊರಗಿನ ಇಂಟರ್‌ನೆಟ್ ವೈರನ್ನು ಕಿತ್ತೆ. ಆಮೇಲೆ ಹೊಸದರ ಒಳಗೆ ಹೋಗಿ ಆ ಹಳೆಯ ಮಾತಿಗೆ ಟಿಕ್ ಹಾಕಿದೆ. ಯಂತ್ರ ಒಮ್ಮೆ ಆರಿ ಹೊತ್ತಿತು. ಹೊತ್ತಿದ ಮೇಲೆ ನೋಡಿದರೆ ಪರದೆಯ ಮೇಲೆ ಅಪ್ಪನ ಕಂಪ್ಯೂಟರಿನ ಹೆಸರು!

ಅದರ ಮೇಲೆ ಒತ್ತಿದರೆ ಗುಪ್ತಪದ ಕೇಳಿತು. ಅಪ್ಪ ಯಾವ ಗುಪ್ತಪದವನ್ನೂ ಇಟ್ಟಿರಲಿಲ್ಲ. ಖಾಲಿ ಬಿಟ್ಟರೆ ಹೊಸದು ಒಪ್ಪಲಿಲ್ಲ. ಹಳೆಯದರಲ್ಲಿ ನನ್ನ ಹೆಸರಿನ ಹೊಸ ಖಾತೆ ಮಾಡಿ ಅದಕ್ಕೊಂದು ಗುಪ್ತಪದ ಕೊಟ್ಟೆ. ಈಗ ಒಳಗೆ ಬಿಟ್ಟುಕೊಂಡಿದೆ.

ನಿಮ್ಮ ಸಿಟ್ಟಿಗೆ ಹೆದರಿ ಇದನ್ನು ಮಾಡುತ್ತಿಲ್ಲ. ನಿಮ್ಮ ಫೋಟೋ ಸಿಗುವವರೆಗೆ ನನಗೆ ಬರೆಯಬೇಡಿರಿ.

ಶೈಲಶ್ರೀ

•

ಗುಡಗೇರಿ
2 ಏಪ್ರಿಲ್ 2025

ಭಾಗ್ಯಾ,

ಮಾರ್ಚಿನಲ್ಲಿ ಹಾಕಿದ ಪತ್ರ "ಇಲ್ಲಿ ಇಲ್ಲ" ಎಂಬ ಷರಾದೊಂದಿಗೆ ಮರಳಿ ಬಂದಿದೆ. ಅದನ್ನೂ ಇದರೊಳಗಿಟ್ಟು ನಿಮ್ಮ ವಕೀಲೆಯ ಆಫೀಸಿಗೆ ಕಳಿಸುತ್ತಿದ್ದೇನೆ.

ಯುಗಾದಿಯ ದಿನ ಅಣ್ಣ ಬೇವು ಬೆಲ್ಲ ಕೈಗೆ ಕೊಡುತ್ತ ಹೇಳಿದ: "ಮುಗೀತು ನೋಡು ನಿನ್ನ ಲಡಾಯಿ. ಆಕಿ ಅಣ್ಣ ರಾಜಿ ಮಾಡ್ಯಾನ. ಆಕಿ ಸಹಿ ಹಾಕ್ಯಾಳ." ನಾನು ನಂಬಲಿಲ್ಲ. ಆದರೆ ಬರೆಯಬೇಡಿರಿ ಎಂದವಳು ನಾನೇ, ನಿಮ್ಮ ಪತ್ರವೂ ಇರಲಿಲ್ಲ. ಎರಡು ದಿನ ಕಂಪ್ಯೂಟರ್ ಹಚ್ಚಲಿಲ್ಲ.

ಸಹಿ ಮಾಡಿದ್ದರೆ ಅದು ನಿಮಗೆ ಬಿಟ್ಟದ್ದು. ನಿಮ್ಮ ಜಾಗದಲ್ಲಿ ನಾನಿಲ್ಲ. ಆದರೆ ನಿನ್ನೆಯಿಂದ ನಾನು ನಕಲು ಮತ್ತೆ ಶುರು ಮಾಡಿದ್ದೇನೆ. ರಾಜಿಯಾದರೂ ಮದುವೆ ಆದದ್ದು ಸುಳ್ಳಾಗುವುದಿಲ್ಲವಲ್ಲ.

ಶೈಲಶ್ರೀ

•

ಯಮನೂರು
12 ಏಪ್ರಿಲ್ 2025

ಶೈಲಾ ಅಕ್ಕಾ,

ಎರಡೂ ಪತ್ರಗಳನ್ನು ಶಗುಫ್ತಾ ಅವರ ಆಫೀಸಿನ ಬೆಂಚಿನ ಮೇಲೆ ಕೂತು ಒಟ್ಟಿಗೆ ಓದಿದೆ. ಟೆಂಪೋದ ಭಾಗಕ್ಕೆ ಬಂದಾಗ ನಕ್ಕುಬಿಟ್ಟೆ. ಎದುರಿಗಿದ್ದ ಗುಮಾಸ್ತರು ಗಾಬರಿಯಾದರು. ಆಮೇಲೆ ನಾನು ಬರೆದದ್ದು ನೆನಪಾಗಿ ನಗು ನಿಂತಿತು. ನಿನ್ನನ್ನು ಸುಳ್ಳಿ ಅಂದೆ, ತಪ್ಪು ನನ್ನದು. ಇನ್ನು ಮೇಲೆ "ನೀವು" ಎಂದು ಬರೆಯುವುದಿಲ್ಲ. ನನ್ನ ಸಲುವಾಗಿ ಗುಜರಿಯೊಳಗೆ ಕೂತವಳಿಗೆ ನೀವು ಅನ್ನಲು ನನ್ನಿಂದಾಗದು.

ಅಣ್ಣ ನನ್ನ ಬೆನ್ನಿಗಿದ್ದಾನೆಂದು ಬರೆದಿದ್ದೆನಲ್ಲ, ಆಗಲೇ ಅವನು ಸರಿಯುತ್ತಿದ್ದ. ಅದನ್ನು ಬರೆದುಬಿಟ್ಟರೆ ಖರೆಯಾಗುತ್ತದೆಂದು ಹೆದರಿ ಎಲ್ಲ ಆರಾಮ ಎಂದು ಬರೆದೆ. ಮಾರ್ಚಿನಲ್ಲಿ ಒಂದು ದಿನ ಮನೆಯಲ್ಲಿ ಹಿರಿಯರು ಕೂತಿದ್ದರು. ಪುಂಡಲೀಕನ ಕಾಕಾ ಕಾಗದ ತಂದಿದ್ದ. ನಾನು ಅವರ ಮನೆಯ ಕೆಲಸದವಳಾಗಿದ್ದೆ, ಇನ್ನು ಯಾವ ತಕರಾರೂ ಇಲ್ಲ ಎಂದು ಅದರಲ್ಲಿತ್ತು.

ಅಣ್ಣ ಅಂದ: "ಎಷ್ಟ ದಿನಾ ಕೋರ್ಟ ಕಟ್ಟಿ ಹತ್ತತೀ? ಮಾಡು ಸಹಿ. ನಾ ಇರೂತನಕ ನಿನಗ ಕೂಳು ಹಾಕ್ತೀನಿ."

"ಹಾಕೂದು ದನಕ್ಕ, ಅಣ್ಣಾ" ಅಂದೆ.

ಕಾಕಾ ನಕ್ಕು, "ಸೊಕ್ಕು ಐತಿ ಆಳಿನಾಕಿಗೆ" ಅಂದ. ನನ್ನ ಅಣ್ಣ ಅದನ್ನು ಕೇಳಿಸಿಕೊಂಡೂ ಪೆನ್ನು ನನ್ನ ಮುಂದೆ ಸರಿಸಿದ. ಅದೇ ಅಣ್ಣ ನನ್ನ ಮದುವೆಯಲ್ಲಿ ಹಂದರಕ್ಕೆ ತೆಂಗಿನ ಗರಿ ಕಟ್ಟುವಾಗ ಏಣಿಯಿಂದ ಬಿದ್ದು ಕೈಗೆ ಪಟ್ಟಿ ಸುತ್ತಿಕೊಂಡು ಓಡಾಡಿದ್ದ. ನಾನು ಎದ್ದು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೊರಬಿದ್ದೆ. ಯಾರೂ ಕರೆಯಲಿಲ್ಲ.

ಯಮನೂರಿನ ದರ್ಗಾದ ಹತ್ತಿರ ಸಕ್ಕರೆ, ಹೂವು ಮಾರುವ ಶಮೀಮಾಬಿ ಎಂಬವರು ತಮ್ಮ ಮನೆಯ ಬಾಜು ಕೋಣೆ ಕೊಟ್ಟಿದ್ದಾರೆ. ಅಂಗಡಿಯ ಕೆಲಸ ಮಾಡಿಕೊಡುತ್ತೇನೆ. ಮೊದಲ ದಿನ ಅವರು ಕೇಳಿದ್ದು ಒಂದೇ ಮಾತು: "ಅಳೂದು ಮುಗಸೀಯೇನು, ಇನ್ನೂ ಐತೇನು?" "ಮುಗದೈತ್ರಿ" ಅಂದೆ. "ಹಂಗಾರ ಬಾ, ಹೂವು ಕಟ್ಟೂಣು" ಅಂದರು.

ನನ್ನ ಹತ್ತಿರ ಈಗ ಫೋನಿಲ್ಲ. ತೀರ ಅವಸರವಿದ್ದರೆ ಶಗುಫ್ತಾ ಅವರಿಗೆ ಹೇಳು. ಉಳಿದದ್ದನ್ನು ಹೀಗೇ ಬರೆ.

ಸಹಿ ನಾನು ಮಾಡಿಲ್ಲ.

ಭಾಗ್ಯಾ

•

ಗುಡಗೇರಿ
28 ಏಪ್ರಿಲ್ 2025

ಭಾಗ್ಯಾ,

ಸಿಕ್ಕವು!

ಅಪ್ಪ ಫೋಲ್ಡರುಗಳಿಗೆಲ್ಲ ಕನ್ನಡದಲ್ಲೇ ಹೆಸರಿಟ್ಟಿದ್ದ. ಆಗಿನ ಕನ್ನಡದ ಅಕ್ಷರಗಳು ಹೊಸ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಒಂದೊಂದು ಹೆಸರೂ ಮುರಿದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಬಂದಿದೆ. ನಿನ್ನ ಹೆಸರು ಹಾಕಿ ಹುಡುಕಿದರೆ ಏನೂ ಇಲ್ಲ ಅಂತು. ಒಂದೊಂದಾಗಿ ತೆರೆಯುತ್ತ ಹೋದೆ. ಸುತ್ತಮುತ್ತಲಿನ ಹಳ್ಳಿಗಳ ಎಷ್ಟು ಮದುವೆ, ಎಷ್ಟು ಬಸುರಿಯರ ಕುಬಸ, ಕೂಸುಗಳ ತಲೆಗೂದಲು ತೆಗೆಸುವ ಎಷ್ಟು ಜವಳ! ನಡುವೆ ಡಿಸ್ಕ್ ಕಟಕಟ ಅಂದು ನಿಂತುಬಿಡುತ್ತಿತ್ತು. ಫ್ಯಾನಿನ ಗಾಳಿ ಹಾಕಿ ತಣಿಸಿ ಮತ್ತೆ ಹಚ್ಚುತ್ತಿದ್ದೆ. ಎಲ್ಲವನ್ನೂ ಒಮ್ಮೆಲೇ ಎಳೆದರೆ ನಿಲ್ಲುತ್ತದೆ, ಸ್ವಲ್ಪ ಸ್ವಲ್ಪವೇ ಕೇಳಿದರೆ ಕೊಡುತ್ತದೆ.

ನಿನ್ನ ಮದುವೆಯ ಚಿತ್ರಗಳು ಮುನ್ನೂರರ ಹತ್ತಿರ ಇವೆ. ಆಲ್ಬಮಿಗೆ ಹೋದವು ಒಂದಿಷ್ಟು. ಉಳಿದವೆಲ್ಲ ಹಾಳಾದವು. ಕಣ್ಣು ಮುಚ್ಚಿದವು, ಅಲುಗಿದವು, ಅಪ್ಪನ ಹೆಬ್ಬೆರಳು ಅಡ್ಡ ಬಂದವು. ಒಂದರಲ್ಲಿ ಪುಂಡಲೀಕನ ಬಾಸಿಂಗ ಜಾರಿ ಮೂಗಿನ ಮೇಲೆ ಕೂತಿದೆ. ಇನ್ನೊಂದರಲ್ಲಿ ಅವನ ಕಾಕಾ ಪಂಕ್ತಿಯಲ್ಲಿ ಕೂತು ಬಾಯಿ ತುಂಬ ಹೋಳಿಗೆ ತುಂಬಿಕೊಂಡಿದ್ದಾನೆ. ಬಾಜು ಮದುಮಗನೂ ನೀನೂ ಕೂತಿದ್ದೀರಿ.

ಒಂದು ಕೊರತೆ ಇದೆ, ಅದನ್ನೂ ಮುಚ್ಚುವುದಿಲ್ಲ. ತಾಳಿ ಕಟ್ಟುವ ಗಳಿಗೆಯಲ್ಲಿ ಮಂದಿ ಮುಂದೆ ನುಗ್ಗಿದ್ದಾರೆ. ಆ ಚಿತ್ರಗಳಲ್ಲಿ ಬೆನ್ನುಗಳು, ಅಕ್ಕಿಕಾಳು ಎಸೆಯುವ ಕೈಗಳು, ಇಷ್ಟೇ. ತಾಳಿ ಕಾಣುವುದಿಲ್ಲ. ಶಗುಫ್ತಾ ಅವರಿಗೆ ಫೋನ್ ಮಾಡಿ ಹೇಳಿದೆ. "ಹಂಗಂದ್ರ ಬರೀ ಸಹಿ ಸಾಕಾಗೂದಿಲ್ರಿ. ನೀವ ಬಂದು ಸಾಕ್ಷಿ ಹೇಳಬೇಕು. ಬರ್ತೀರೇನು?" ಅಂದರು.

ಅಣ್ಣ ಕೇಳಿಸಿಕೊಳ್ಳುತ್ತಿದ್ದ. ಫೋನಿಡುವ ಮೊದಲೇ ಅಂದ: "ಸಾಕ್ಷಿ ಹೇಳಾಕ ಹ್ವಾದ್ರ ಈ ಮನಿಯಾಗ ನಿನಗ ಜಾಗಾ ಇಲ್ಲ."

"ಅಪ್ಪನ ಮನಿ ಇದು. ನಿನಗೆಷ್ಟೋ ನನಗೂ ಅಷ್ಟ" ಅಂದೆ.

ಬರುತ್ತೇನೆ.

ಶೈಲಾ

•

ಯಮನೂರು
9 ಜುಲೈ 2025

ಶೈಲಾ,

ಹೋದ ತಿಂಗಳು ಸಾಕ್ಷಿಗೆಂದು ನೀನು ಹಳೆಯ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿಕೊಂಡು ಕೋರ್ಟಿನ ಮುಂದೆ ಬಸ್ಸಿನಿಂದ ಇಳಿದಾಗ ನಿನ್ನ ಗುರುತೇ ಸಿಗಲಿಲ್ಲ. ಯಾರೋ ಕೂಸನ್ನು ಎತ್ತಿಕೊಂಡು ಬಂದಿದ್ದಾರೆ ಅಂದುಕೊಂಡೆ. ಮಾತಾಡಲು ವೇಳೆಯೇ ಸಿಗಲಿಲ್ಲ. ಸಾಕ್ಷಿಕಟ್ಟೆಯಲ್ಲಿ ನೀನು ನ್ಯಾಯಾಧೀಶರ ಕಡೆ ಮುಖ ಮಾಡಿ ನಿಂತಿದ್ದೆ. ನಿನ್ನ ಬೆನ್ನ ಹಿಂದೆ ಏನಾಯಿತೆಂದು ನಾನು ಹೇಳಬೇಕು.

ಅವರ ವಕೀಲರು ಕೇಳಿದರಲ್ಲ: "ಕಂಪ್ಯೂಟರಿನಲ್ಲಿ ಯಾರ ತಲೆಯನ್ನು ಯಾರ ಮೈಗೆ ಬೇಕಾದರೂ ಕೂಡಿಸಬಹುದು, ಹೌದೋ ಅಲ್ಲವೋ?"

"ಹೌದ್ರಿ, ಕೂಡಿಸಬಹುದು. ನನಗೂ ಬರ್ತೈತಿ" ಎಂದು ನೀನು ಅಂದಾಗ ಪುಂಡಲೀಕ ಮುಗುಳ್ನಕ್ಕು ಮೀಸೆ ಮುಟ್ಟಿಕೊಂಡ. ಇದೇನು ಹೇಳಿದಳು ಇವಳು ಅಂದುಕೊಂಡೆ.

ಆಗ ನೀನು ಅಂದೆ: "ಕೂಡಿಸಾಕಿ ಆಗಿದ್ರ ತಾಳಿ ಕಟ್ಟೂ ಚಿತ್ರಾನ ಚಂದಂಗ ಕೂಡಿಸಿಕೊಂಡು ಬರ್ತಿದ್ದೆನ್ರಿ. ಬರೀ ಬೆನ್ನು ಕಾಣೂ ಚಿತ್ರಾ ಯಾಕ ತರ್ತಿದ್ದೆ? ನಮ್ಮ ಅಪ್ಪನ ಹೆಬ್ಬಟ್ಟು ಅಡ್ಡ ಬಂದದ್ದನ್ನ ಯಾಕ ತರ್ತಿದ್ದೆ? ಚಿತ್ರದಾಗ ಕಾಣದಿದ್ರೂ ನನಗ ಕಂಡೈತ್ರಿ. ಇವ್ರು ಕಟ್ಟಿದ್ರು, ಈಕಿ ಕಟ್ಟಿಸಿಕೊಂಡ್ಲು. ಲೈಟು ಹಿಡಕೊಂಡು ಬಾಜೂಕ ನಿಂತಾಕಿ ನಾನು."

ಪುಂಡಲೀಕನ ಕೈ ಮೀಸೆಯ ಮೇಲೇ ನಿಂತುಬಿಟ್ಟಿತು. ಹಿಂದಿನ ಬೆಂಚಿನಲ್ಲಿ ಬೇರೆ ಯಾವುದೋ ಕೇಸಿಗೆ ಬಂದ ಮುದುಕಿಯೊಬ್ಬಳು "ಶಾಬಾಸ" ಎಂದು ಗಟ್ಟಿಯಾಗಿಯೇ ಅಂದಳು. ಪೋಲೀಸಿನವನು ಅವಳನ್ನು ಗದರಿಸಿದ.

ಮೊನ್ನೆಯ ತಾರೀಖಿಗೆ ನೀನಿರಲಿಲ್ಲ. ಅಂದು ಅವನ ಕಾಕಾ ಸಾಕ್ಷಿಗೆ ನಿಂತು, ಇಂಥ ಮದುವೆ ಆಗಿಯೇ ಇಲ್ಲ, ಅಣ್ಣಿಗೇರಿಯ ಆ ಓಣಿಯನ್ನೇ ತಾನು ತುಳಿದಿಲ್ಲ ಅಂದ. ಶಗುಫ್ತಾ ಅವರು ಹೋಳಿಗೆಯ ಚಿತ್ರ ಮುಂದಿಟ್ಟರು.

"ಇವ್ರು ಯಾರ್ರಿ?"

ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ನಾನ ಇದ್ದಂಗ ಐತ್ರಿ."

"ಎಲ್ಲಿ ಕೂತೀರಿ?"

"ಯಾವುದೋ ಊಟಾ ಇದ್ದೀತ್ರಿ. ನೆನಪಿಲ್ಲ."

"ನಿಮ್ಮ ಬಾಜು ಬಾಸಿಂಗ ಕಟ್ಟಿಕೊಂಡು ಕೂತ ಮದುಮಗ ಯಾರ್ರಿ?"

ಟವೆಲಿನಿಂದ ಮುಖ ಒರೆಸಿಕೊಂಡ. ಪುಂಡಲೀಕನ ಕಡೆ ನೋಡಿದ. ಪುಂಡಲೀಕ ಕಿಟಕಿಯ ಕಡೆ ನೋಡಿದ. ಶಗುಫ್ತಾ ಅವರು ಮುಂದಿನ ಪ್ರಶ್ನೆ ಕೇಳದೆ ಕೂತುಬಿಟ್ಟರು.

ಹೊರಗೆ ಬೇವಿನ ಮರದ ಕೆಳಗೆ ನನ್ನ ಅಣ್ಣ ನಿಂತಿದ್ದ. ಬಂದದ್ದು ನನಗೆ ಗೊತ್ತಿರಲಿಲ್ಲ. "ಭಾಗ್ಯಾ" ಅಂದ. ನಾನು ನಿಲ್ಲಲಿಲ್ಲ. ಒಂದು ದಿನ ನಿಲ್ಲುತ್ತೇನೋ ಏನೋ, ಅಂದಂತೂ ಆಗಲಿಲ್ಲ.

ನಿನ್ನ ಮನೆಯಲ್ಲಿ ಹೇಗಿದೆ? ಆರಾಮ ಎಂದು ಬರೆಯಬೇಡ. ನಾವಿಬ್ಬರೂ ಹಾಗೆ ಬರೆದು ಕೆಟ್ಟಿದ್ದೇವೆ.

ಭಾಗ್ಯಾ

•

ಗುಡಗೇರಿ
24 ಆಗಸ್ಟ್ 2025

ಭಾಗ್ಯಾ,

ಆರಾಮ ಇಲ್ಲ. ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ. ಪುಂಡಲೀಕನ ಮನೆಯವರು ಈ ಸಲದ ಹೆಸರುಕಾಳನ್ನು ಬೇರೆ ಅಂಗಡಿಗೆ ಹಾಕಿದರು. ಆ ಸಿಟ್ಟಿಗೆ ಅಣ್ಣ ಮುಂದಿನ ಕೋಣೆಯ ಕರೆಂಟು ತೆಗೆಸಿದ. ನಾನು ನನ್ನ ಕೋಣೆಯಿಂದ ವೈರು ಎಳೆದುಕೊಂಡೆ. ಬೋರ್ಡು ಇಳಿಸಿದ. ಸುಣ್ಣದಲ್ಲಿ ಗೋಡೆಯ ಮೇಲೆಯೇ "ಕುಬೇರಪ್ಪ ಫೋಟೋ" ಎಂದು ಬರೆದೆ. ಗೋಡೆ ಇಳಿಸಲು ಬರುವುದಿಲ್ಲವಲ್ಲ. ಮನೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಂದೇ ಒಲೆಯ ಮೇಲೆ ಎರಡು ಪಲ್ಯ ಆಗುತ್ತಿವೆ. ಅತ್ತಿಗೆ ಮಾತ್ರ ನನ್ನ ಪಾಲಿನದನ್ನು ಕದ್ದು ರುಚಿ ನೋಡುತ್ತಾಳೆ.

ಒಂದು ವಿಷಯ ನಿನಗೆ ಹೇಳಬೇಕು. ಸಾಕ್ಷಿಯ ಸುದ್ದಿ ಸಂತೆಯಲ್ಲೆಲ್ಲ ಹಬ್ಬಿದೆ. ಕುಂದಗೋಳದ ಕಡೆಯ ಒಬ್ಬಾಕೆ ಬಂದಳು. "ಬೆಣ್ಣಿಹಳ್ಳದ ನೀರು ಮನಿ ಹೊಕ್ಕಾಗ ನಮ್ಮ ಮದಿವಿ ಫೋಟೋ ಎಲ್ಲಾ ಹ್ವಾದುವು. ನಿಮ್ಮ ಅಪ್ಪನ ತಗದಿದ್ರು, ಅದಾವೇನ್ರಿ?" ಅಂದಳು. ಇದ್ದವು. ಅವಳ ಹಿಂದೆ ಇನ್ನಷ್ಟು ಮಂದಿ ಬರತೊಡಗಿದರು. ತೀರಿಹೋದ ಗಂಡನ ಮುಖ ಬೇಕೆನ್ನುವವರು, ಕೂಸಿದ್ದಾಗಿನ ಮಗಳ ಮುಖ ಬೇಕೆನ್ನುವವರು, ನಿನ್ನ ಹಾಗೆ ಹೆಂಡತಿಯೇ ಅಲ್ಲ ಅನ್ನಿಸಿಕೊಂಡವಳು ಒಬ್ಬಳು. ಅದಕ್ಕೇ ಈಗ ಹಳೆಯದರಲ್ಲಿದ್ದ ಅಷ್ಟನ್ನೂ ಹೊಸದಕ್ಕೆ ತರುತ್ತಿದ್ದೇನೆ. ಮುರಿದ ಅಕ್ಷರಗಳ ಹೆಸರು ತೆಗೆದು ಊರು, ಹೆಸರು ಹಾಕಿ ಮತ್ತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೇರೆ ಬೇರೆ ಎರಡು ಡಿಸ್ಕಿಗೆ ನಕಲು ಮಾಡಿ ಒಂದನ್ನು ಶಗುಫ್ತಾ ಅವರ ಕಪಾಟಿನಲ್ಲಿಟ್ಟಿದ್ದೇನೆ. ಇನ್ನು ಯಾವ ಟೆಂಪೋ ಬಂದರೂ ಹೆದರಿಕೆಯಿಲ್ಲ.

ನಿನ್ನ ಪೂರ್ತಿ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಕಳಿಸಿದ್ದೇನೆ. ಶಗುಫ್ತಾ ಅವರಲ್ಲಿ ಕೂತು ನೋಡು. ನಿನಗೆ ಯಾವವು ಬೇಕು ಹೇಳು, ದೊಡ್ಡದಾಗಿ ಪ್ರಿಂಟ್ ಮಾಡಿಕೊಡುತ್ತೇನೆ.

ಶೈಲಾ

•

ಯಮನೂರು
16 ಅಕ್ಟೋಬರ್ 2025

ಶೈಲಾ,

ತೀರ್ಪು ಬಂತು. ನಾನು ಪುಂಡಲೀಕನ ಕಾನೂನುಬದ್ಧ ಹೆಂಡತಿ ಎಂದು ಬರೆದಿದ್ದಾರೆ. ಶಗುಫ್ತಾ ಅವರು ಅದನ್ನು ಓದಿ ಹೇಳುವಾಗ ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಹಸಿವೆಯಾಯಿತು. ಬಸ್‌ಸ್ಟ್ಯಾಂಡಿಗೆ ಹೋಗಿ ಗಿರಮಿಟ್, ಮಿರ್ಚಿ ತಿಂದೆ. ಆಮೇಲೆ ಇನ್ನೊಂದು ಪ್ಲೇಟು ತರಿಸಿದೆ.

ನಾಲ್ಕು ದಿನ ಬಿಟ್ಟು ಪುಂಡಲೀಕನ ಕಾಕಾ ಇಲ್ಲಿಗೇ ಬಂದ. ಒಂದು ಸೀರೆ, ಕಾಯಿ, ಹೂವು ಹಿಡಿದುಕೊಂಡು ಬಂದಿದ್ದ. ಆ ಹೂವು ನಮ್ಮ ಅಂಗಡಿಯದೇ. ನಾನು ಒಳಗಿದ್ದಾಗ ಶಮೀಮಾಬಿಯ ಹತ್ತಿರ ತೆಗೆದುಕೊಂಡಿದ್ದ.

"ಆದದ್ದು ಆತು. ನಡಿಯವ್ವಾ ಮನಿಗಿ. ಕೋರ್ಟ ಹೇಳೇತಿ, ನೀ ನಮ್ಮ ಸೊಸಿ ಅಂತ" ಅಂದ. ಈಗ ಯವ್ವಾ ಆದೆ ನಾನು.

"ಸೊಸಿ ಹೌದ್ರಿ" ಅಂದೆ. "ಅದು ಸುಳ್ಳಲ್ಲ ಅಂತ ತೋರಸಾಕ ಕೋರ್ಟಿಗೆ ಹೋಗಿದ್ದೆ. ಆ ಮನಿಗಿ ಬರಾಕಲ್ಲ."

"ಹಂಗಾರ ಇಷ್ಟೆಲ್ಲಾ ಯಾಕ ಮಾಡಿದಿ?"

"ಆಳಿನಾಕಿ ಬಿಟ್ಟು ಹೋದ್ಲು ಅಂತ ಹೇಳಿದ್ರೆಲ್ಲಾ. ಬಿಟ್ಟು ಹೋದಾಕಿ ಹೆಂಡತಿ ಅಂತ ಹೇಳ್ರಿ ಇನ್ನ ಮ್ಯಾಲೆ."

ಅವನಿಗೆ ಶಮೀಮಾಬಿ ಚಹಾ ಕೊಟ್ಟರು. ಬಂದವರಿಗೆ ಚಹಾ ಕೊಡದೆ ಕಳಿಸುವುದು ಅವರ ಪದ್ಧತಿಯಲ್ಲ. ಕುಡಿದು, ಸೀರೆಯನ್ನು ಬಗಲಲ್ಲಿಟ್ಟುಕೊಂಡು ಹೋದ. ಕಾಯಿಯನ್ನು ಶಮೀಮಾಬಿ ಬಿಡಲಿಲ್ಲ, ಸಂಜೆ ಚಟ್ನಿ ಮಾಡಿದರು.

ನೀನು ಕಳಿಸಿದ ಚಿತ್ರಗಳನ್ನೆಲ್ಲ ನೋಡಿದೆ. ನನಗೆ ಒಂದೇ ಒಂದು ಸಾಕು. ಪಟ್ಟಿಯ ಮೊದಲಲ್ಲೇ ಇದೆ. ಇನ್ನೂ ತಲೆಗೆ ಹೂವಿನ ದಂಡೆ ಕಟ್ಟಿಲ್ಲ, ಬೀಗರು ಬಂದಿಲ್ಲ. ಅರಿಸಿನ ಹಚ್ಚಿದ ಮುಖದಲ್ಲಿ ನಾನೊಬ್ಬಳೇ ಹಂದರದ ಕಂಬ ಹಿಡಿದುಕೊಂಡು, ಯಾರೋ ಏನೋ ಅಂದದ್ದಕ್ಕೆ ಬಾಯಿ ತೆರೆದು ನಗುತ್ತಿದ್ದೇನೆ. ನಿಮ್ಮ ಅಪ್ಪ ಬಹುಶಃ ಲೈಟು ಸರಿಯಾಗಿದೆಯೋ ಇಲ್ಲವೋ ನೋಡಲು ತೆಗೆದದ್ದು. ಒಂದು ಬದಿ ಕತ್ತಲೆಯಾಗಿದೆ, ಹಲ್ಲೆಲ್ಲ ಕಾಣುತ್ತವೆ. ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿ, ಕಟ್ಟು ಹಾಕಿಸಿ ತೆಗೆದುಕೊಂಡು ಬಾ. ಅಂಚೆಗೆ ಹಾಕಬೇಡ, ನೀನೇ ಬಾ. ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದೇನೆ.

ಏನೂ ತಿದ್ದಬೇಡ. ಆ ಕತ್ತಲೆಯೂ ಇರಲಿ.

ಭಾಗ್ಯಾ